ಕಥೆಯಲ್ಲಿ ಕೇಳುವವರ ಹಕ್ಕು

ಪವಿತ್ರ ಕುರ್‌ಆನಿನ ಹನ್ನೆರಡನೆಯ ಅಧ್ಯಾಯವು ಪ್ರವಾದಿ ಯೂಸುಫ್(ಅ)ರ ಜೀವನವನ್ನು ವಿವರಿಸತೊಡಗುವ ಮೊದಲೇ ಅದನ್ನು ಅತ್ಯುತ್ತಮ ವೃತ್ತಾಂತವೆಂದು ಪರಿಚಯಿಸುತ್ತದೆ. ಮುಂದೆ ಏಳನೆಯ ಸೂಕ್ತದಲ್ಲಿ, ಯೂಸುಫ್ ಮತ್ತು ಅವರ ಸಹೋದರರ ಪ್ರಸಂಗದಲ್ಲಿ ಕೇಳುವವರಿಗೆ ನಿದರ್ಶನಗಳಿವೆ ಎಂಬ ಆಶಯ ಬರುತ್ತದೆ. ಅಲ್ಲಿರುವ ಅರಬಿ ಪದಕ್ಕೆ ಪ್ರಶ್ನಿಸುವವರು ಎಂದರ್ಥ. ಕನ್ನಡದ ಸೊಗಸೆಂದರೆ, ನಾವು ಕಥೆಯನ್ನೂ ಕೇಳುತ್ತೇವೆ, ಪ್ರಶ್ನೆಯನ್ನೂ ಕೇಳುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ. ಶಾಲೆ ಮತ್ತು ಮದ್ರಸಗಳಲ್ಲಿ ಮಕ್ಕಳಿಗೆ ಕಥೆ ಹೇಳುತ್ತಾ ಕೆಲವು ವರ್ಷಗಳನ್ನು ಕಳೆದ ನನಗೆ, ಈ ಎರಡು ಕೇಳುವಿಕೆಗಳನ್ನು ಬೇರ್ಪಡಿಸಿದರೆ ಕಥೆಯಲ್ಲಿ ಜೀವ ಉಳಿಯುವುದಿಲ್ಲ ಎಂಬುದು ದಿನೇದಿನೇ ಮನದಟ್ಟಾಗುತ್ತಿದೆ. ಆ ಅನುಭವವನ್ನು ಓದುಗರೊಂದಿಗೆ ಹಂಚಿಕೊಳ್ಳುವ ಉದ್ದೇಶದಿಂದ ಈ ಬರಹ.

ನನ್ನ ಊರು ದಕ್ಷಿಣ ಕೊಡಗಿನ ಪೊನ್ನಂಪೇಟೆ. ಸುತ್ತಲೂ ಕಾಫಿ ತೋಟ, ತಗ್ಗಿನಲ್ಲಿ ಭತ್ತದ ಗದ್ದೆ, ಅದರಾಚೆ ನಾಗರಹೊಳೆಯ ಕಾಡು. ಇಲ್ಲಿನ ಸರಕಾರಿ ಶಾಲೆಯೊಂದರ ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಮಲಯಾಳಂ, ಎರವ ಭಾಷೆ, ತುಳು, ಉರ್ದು ಮಾತನಾಡುವ ಮನೆಗಳ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. ಪ್ರಾಥಮಿಕ ಶಾಲಾ ಶಿಕ್ಷಕಿಯಾಗಿ ಹಲವು ವರ್ಷ ದುಡಿದು ನಿವೃತ್ತಳಾದ ಬಳಿಕ, ಸಮಾನ ಮನಸ್ಕರಾದ ಇಬ್ಬರು ಗೆಳತಿಯರೊಂದಿಗೆ ಸೇರಿ ಕರೆದಲ್ಲಿಗೆ ಹೋಗಿ ಕಥೆ ಹೇಳುವುದನ್ನು ರೂಢಿಸಿಕೊಂಡೆ. ಅಂಗನವಾಡಿ, ಪ್ರಾಥಮಿಕ ಶಾಲೆ, ಹೈಸ್ಕೂಲು, ಮದ್ರಸ ಹೀಗೆ ಬೇರೆ ಬೇರೆ ವಯೋಮಾನದವರ ಮುಂದೆ ಕಥೆ ಹೇಳಿದ್ದೇವೆ. ಬೇಸಿಗೆ ರಜೆಯಲ್ಲಿ ಶಿಕ್ಷಕರಿಗೂ ತಾಯಂದಿರಿಗೂ ಪುಟ್ಟ ಕಾರ್ಯಾಗಾರಗಳನ್ನು ನಡೆಸಿದ್ದೇವೆ.

ಕಥೆ ಹೇಳಲು ಕಾರ್ಯಾಗಾರವೇಕೆ, ನಮ್ಮ ಅಜ್ಜಿಯಂದಿರು ಯಾವ ತರಬೇತಿ ಪಡೆದಿದ್ದರು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಈ ಮಣ್ಣಿನಲ್ಲಿ ಕಥೆಗೆ ಎಂದೂ ಬರವಿರಲಿಲ್ಲ. ದುಡಿ ಬಾರಿಸುತ್ತಾ ನಾಲ್ವರು ಕೂಡಿ ಹಾಡುವ ಕೊಡವರ ಕಥನಗೀತೆಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ'ಯಾಗಿ ಪ್ರಕಟಿಸಿದರು. ಬಾಯಿಂದ ಬಾಯಿಗೆ ಬಂದ ಒಂದು ಜನಾಂಗದ ನೆನಪು ಅದರಲ್ಲಿದೆ. ಮಲಬಾರಿನಿಂದ ಘಟ್ಟ ಹತ್ತಿ ಬಂದ ನಮ್ಮ ಹಿರಿಯರು ತಮ್ಮ ಕಥನ ಸಂಪತ್ತನ್ನು ಜೊತೆಗೇ ತಂದರು. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ 1607ರಲ್ಲಿ ಅರಬಿ-ಮಲಯಾಳಂನಲ್ಲಿ ರಚಿಸಿದ 'ಮುಹ್ಯಿದ್ದೀನ್ ಮಾಲೆ'ಯನ್ನು ಮಗ್ರಿಬ್ ನಮಾಝಿನ ಬಳಿಕ ರಾಗವಾಗಿ ಓದುವ ಮನೆಗಳು ಅನೇಕವಿದ್ದವು. ಕಿಸ್ಸಾ ಪಾಟ್ಟುಗಳನ್ನು ಹಾಡಿ, ನಡುನಡುವೆ ನಿಲ್ಲಿಸಿ, ಅರ್ಥ ಬಿಡಿಸಿ ಹೇಳುವ ಕ್ರಮಕ್ಕೆ 'ಪಾಡಿಪ್ಪರಯಲ್' ಎಂದೇ ಹೆಸರು. ನನ್ನ ವಲ್ಯುಮ್ಮ ಕಾಫಿ ಬೀಜ ಹೆಕ್ಕುತ್ತಾ ಬದ್ರ್ ಯುದ್ಧದ ಪ್ರಸಂಗವನ್ನು ಹೇಳುತ್ತಿದ್ದರೆ, ಆಕೆಯ ಕೈ ನಿಂತ ಕ್ಷಣವೇ ನಮಗೆಲ್ಲ ಉಸಿರು ನಿಂತಂತಾಗುತ್ತಿತ್ತು.

ಆ ಸರಪಳಿ ಇಂದು ಕಡಿದಿದೆ. ಅಜ್ಜಿ ಒಂದೂರಿನಲ್ಲಿ, ಮೊಮ್ಮಕ್ಕಳು ಇನ್ನೊಂದೂರಿನಲ್ಲಿ. ಒಂದೇ ಮನೆಯಲ್ಲಿದ್ದರೂ ನಡುವೆ ಮೊಬೈಲ್. ಹೀಗಾಗಿ ಒಂದು ಕಾಲಕ್ಕೆ ತಾನಾಗಿ ಬರುತ್ತಿದ್ದುದನ್ನು ಈಗ ಕುಳಿತು ಕಲಿಯಬೇಕಾಗಿದೆ. ಇದು ನಮ್ಮೂರಿನ ಮಾತು ಮಾತ್ರವೂ ಅಲ್ಲ. ದೆಹಲಿಯಲ್ಲಿ ಉರ್ದುವಿನ ದಾಸ್ತಾನ್‌ಗೋಯಿ ಪರಂಪರೆಯ ಕೊನೆಯ ಹೆಸರಾಂತ ಕಥನಕಾರ ಮೀರ್ ಬಾಕರ್ ಅಲಿ 1928ರಲ್ಲಿ ತೀರಿಕೊಂಡರು. ಅಮೀರ್ ಹಂಝಾರ ಸಾಹಸಗಳನ್ನು ರಾತ್ರಿಗಟ್ಟಲೆ ಹೇಳುವ ಆ ಕಲೆ ಮತ್ತೆ ವೇದಿಕೆಗೆ ಬರಲು 2005ರವರೆಗೆ ಕಾಯಬೇಕಾಯಿತು. ಬೆಂಗಳೂರಿನಲ್ಲಿ ಗೀತಾ ರಾಮಾನುಜಂ ಅವರು 1998ರಲ್ಲಿ 'ಕಥಾಲಯ'ವನ್ನು ಆರಂಭಿಸಿ, ಶಿಕ್ಷಕರಿಗೆ ಕಥೆ ಹೇಳುವುದನ್ನು ಒಂದು ವಿದ್ಯೆಯಾಗಿ ಕಲಿಸತೊಡಗಿದರು. ನಮ್ಮ ನೆರೆಯಲ್ಲೇ, ಸಂಪಾಜೆಯ ಜಬ್ಬಾರ್ ಸಮೋ ಅವರು ತಾಳಮದ್ದಳೆಯ ಅರ್ಥಧಾರಿಯಾಗಿ ಮಾತಿನ ಬಲವೊಂದರಿಂದಲೇ ಸಭೆಯನ್ನು ಹಿಡಿದಿಡಬಲ್ಲವರೆಂದು ಹೆಸರಾಗಿದ್ದಾರೆ. ವೇಷವಿಲ್ಲದೆ, ಪರದೆಯಿಲ್ಲದೆ, ಬರಿಯ ಮಾತು ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಇಂಥವರಿಂದ ಅರಿಯಬೇಕು.

ಆದರೆ ನಮ್ಮ ಸಮುದಾಯದ ಕೆಲವು ಹೆತ್ತವರಿಗೆ ಬೇರೆಯದೇ ಆತಂಕವಿದೆ. ಕಥೆಯೆಂದರೆ ಸುಳ್ಳು, ಸುಳ್ಳನ್ನು ಮಕ್ಕಳಿಗೇಕೆ ಕಲಿಸಬೇಕು ಎನ್ನುತ್ತಾರೆ. ಪ್ರವಾದಿಗಳ ಚರಿತ್ರೆಯನ್ನು ನಾಟಕದಂತೆ ಆಡಿ ತೋರಿಸುವುದು ಸರಿಯೇ ಎಂದು ಇನ್ನು ಕೆಲವರು ಕೇಳುತ್ತಾರೆ. ಈ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಇಸ್ಲಾಮೀ ಇತಿಹಾಸದಲ್ಲಿ ಇದಕ್ಕೆ ದೀರ್ಘವಾದ ಹಿನ್ನೆಲೆಯಿದೆ.

ಮಸೀದಿಯಲ್ಲಿ ಕುಳಿತು ಉಪದೇಶದ ಕಥೆ ಹೇಳಲು ಅನುಚರರಾದ ತಮೀಮ್ ದಾರಿ(ರ)ಯವರು ಹ. ಉಮರ್(ರ)ರಿಂದ ಅನುಮತಿ ಕೇಳಿ ಪಡೆದರೆಂಬ ಉಲ್ಲೇಖವಿದೆ. ಕಥೆ ಹೇಳಲೂ ಅನುಮತಿ ಬೇಕಾಯಿತು ಎಂಬಲ್ಲೇ ಆ ಕೆಲಸದ ಹೊಣೆ ಎಷ್ಟೆಂದು ತಿಳಿಯುತ್ತದೆ. ಮುಂದಿನ ಶತಮಾನಗಳಲ್ಲಿ ಕಥೆ ಹೇಳುವುದೇ ಕೆಲವರ ಕಸುಬಾಯಿತು. ಜನರನ್ನು ಅಳಿಸಲು, ನಗಿಸಲು ಹದೀಸ್‌ಗಳನ್ನೇ ಕಟ್ಟುವವರು ಹುಟ್ಟಿಕೊಂಡರು. ಇಮಾಮ್ ಅಹ್ಮದ್ ಬಿನ್ ಹಂಬಲ್ ಮತ್ತು ಯಹ್ಯಾ ಬಿನ್ ಮಈನ್ ಬಗ್ದಾದಿನ ಮಸೀದಿಯೊಂದರಲ್ಲಿ ಕುಳಿತಿದ್ದಾಗ, ಅವರ ಗುರುತಿಲ್ಲದ ಕಥೆಗಾರನೊಬ್ಬ ಅವರಿಬ್ಬರ ಹೆಸರಿನಲ್ಲೇ ಇಲ್ಲದ ಹದೀಸನ್ನು ಉಲ್ಲೇಖಿಸಿದನಂತೆ. ನಾವೇ ಆ ಇಬ್ಬರು ಎಂದು ತಿಳಿಸಿದಾಗ ಆತ ಕಿಂಚಿತ್ತೂ ಅಳುಕದೆ, ಜಗತ್ತಿನಲ್ಲಿ ಆ ಹೆಸರಿನವರು ನೀವಿಬ್ಬರೇ ಎಂದುಕೊಂಡಿರಾ ಎಂದು ಮರುಪ್ರಶ್ನೆ ಹಾಕಿದನಂತೆ. ವಿಶೇಷವೆಂದರೆ, ಈ ಪ್ರಸಂಗವೇ ನಿಜವೇ ಎಂದು ಸಂಶಯಿಸಿದ ಹದೀಸ್ ವಿದ್ವಾಂಸರೂ ಇದ್ದಾರೆ! ಕ್ರಿ.ಶ. 1201ರಲ್ಲಿ ನಿಧನರಾದ ಇಬ್ನುಲ್ ಜೌಝಿಯವರು ಇಂಥ ಕಥೆಗಾರರನ್ನು ಕುರಿತು ಒಂದು ಗ್ರಂಥವನ್ನೇ ಬರೆದು, ಅವರ ಕಟ್ಟುಕಥೆಗಳನ್ನು ಖಂಡಿಸಿದರು. ಆದರೆ ಸ್ವತಃ ಇಬ್ನುಲ್ ಜೌಝಿಯವರು ಬಗ್ದಾದಿನಲ್ಲಿ ಜನಸಾಗರವನ್ನು ಸೆಳೆಯುತ್ತಿದ್ದ ಪ್ರವಚನಕಾರರಾಗಿದ್ದರು. ಕಥೆ ಹೇಳುವುದನ್ನು ಅವರು ಬಿಡಲಿಲ್ಲ. ಅದರಲ್ಲಿ ಸೇರಿದ್ದ ಸುಳ್ಳನ್ನು ಸೋಸಲು ಹೊರಟರು.

ಈ ಹಿನ್ನೆಲೆಯಲ್ಲಿ ನಾವು ಎರಡು ನಿಯಮಗಳನ್ನು ಪಾಲಿಸುತ್ತೇವೆ. ಮೊದಲನೆಯದು, ಹೇಳಲಿರುವುದು ಯಾವ ಬಗೆಯ ಕಥೆ ಎಂಬುದನ್ನು ಆರಂಭದಲ್ಲೇ ಮಕ್ಕಳಿಗೆ ತಿಳಿಸುವುದು. ಇದು ಕಟ್ಟಿದ ಕಥೆ, ಇದರಲ್ಲಿ ಕಾಗೆಯೂ ಮಾತನಾಡುತ್ತದೆ ಎಂದರೆ ನಾಲ್ಕು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಕಲ್ಪನೆಗೂ ಸುಳ್ಳಿಗೂ ಇರುವ ಅಂತರವನ್ನು ಮಕ್ಕಳು ನಾವೆಣಿಸಿದ್ದಕ್ಕಿಂತ ಚೆನ್ನಾಗಿ ಬಲ್ಲರು. ಎರಡನೆಯದು, ಪ್ರವಾದಿಗಳ ವೃತ್ತಾಂತದಲ್ಲಿ ನಾವು ಯಾರ ಪಾತ್ರವನ್ನೂ ವಹಿಸುವುದಿಲ್ಲ, ಅವರ ಬಾಯಲ್ಲಿ ಹೊಸ ಮಾತನ್ನು ಇಡುವುದಿಲ್ಲ. ಪ್ರವಾದಿವರ್ಯರ(ಸ) ಹೆಸರಿನಲ್ಲಿ ತಿಳಿದೂ ಸುಳ್ಳು ಹೇಳುವವನಿಗಿರುವ ಎಚ್ಚರಿಕೆ ಎಷ್ಟು ಕಠಿಣವಾದುದೆಂಬುದು ನಮಗೆಲ್ಲ ತಿಳಿದಿದೆ. ಹೇಳುವವಳು ಹೇಳುವವಳಾಗಿಯೇ ಉಳಿಯುತ್ತಾಳೆ. ನಾಟಕಕ್ಕೂ ಕಥನಕ್ಕೂ ಇರುವ ವ್ಯತ್ಯಾಸ ಇದೇ. ಆದುದರಿಂದಲೇ ಕಥನವು ನಮ್ಮ ಮಕ್ಕಳ ಶಿಕ್ಷಣಕ್ಕೆ ಹೆಚ್ಚು ಒಗ್ಗುವ ಮಾಧ್ಯಮ.

ವಯಸ್ಸಿಗೆ ತಕ್ಕಂತೆ ಕಥೆ ಬದಲಾಗಬೇಕು. ಐದು ವರ್ಷದೊಳಗಿನವರಿಗೆ ಸದ್ದು ಮತ್ತು ಪುನರಾವರ್ತನೆ ಬೇಕು. ಕಾಗಕ್ಕ ಗುಬ್ಬಕ್ಕನ ಕಥೆಯಲ್ಲಿ ಮಳೆಗೆ ಮನೆ ಕಳೆದುಕೊಂಡ ಕಾಗೆ ಮತ್ತೆ ಮತ್ತೆ ಬಾಗಿಲು ತಟ್ಟುವಾಗ, ಅಂಗನವಾಡಿಯ ಪುಟಾಣಿಗಳೆಲ್ಲ ನೆಲ ತಟ್ಟುತ್ತಾರೆ. ಏಳೆಂಟು ನಿಮಿಷ ಮೀರಿದರೆ ಅವರು ಎದ್ದು ಹೋಗುವುದು ಖಂಡಿತ. ಅದನ್ನು ಅಶಿಸ್ತು ಎನ್ನಬಾರದು.

ಆರರಿಂದ ಎಂಟರವರೆಗಿನ ಮಕ್ಕಳು ಪ್ರತಿಯೊಂದಕ್ಕೂ 'ಇದು ನಿಜವಾಗಿ ನಡೆದದ್ದಾ?' ಎಂದು ಕೇಳುತ್ತಾರೆ. ಅಬ್ರಹನು ಆನೆಯೊಂದಿಗೆ ಕಅಬಾದತ್ತ ಬಂದ ವೃತ್ತಾಂತವನ್ನು ಬೇರೆ ಊರುಗಳಲ್ಲಿ ಹೇಳುವಾಗ ಆನೆಯ ಗಾತ್ರವನ್ನು ಬಣ್ಣಿಸಬೇಕಾಗುತ್ತದೆ. ನಮ್ಮಲ್ಲಿ ಅದರ ಅಗತ್ಯವಿಲ್ಲ. ಹಲಸು ಹಣ್ಣಾಗುವ ಕಾಲದಲ್ಲಿ ಆನೆ ಅಂಗಳಕ್ಕೇ ಬರುವ ಊರಿನ ಮಕ್ಕಳಿಗೆ, ಮಕ್ಕಾದ ದಿಕ್ಕಿಗೆ ಹೆಜ್ಜೆಯಿಡದೆ ಕುಳಿತುಬಿಟ್ಟ ಆನೆಯನ್ನು ಎಬ್ಬಿಸುವುದು ಎಂಥ ಕೆಲಸವೆಂದು ಚೆನ್ನಾಗಿ ಗೊತ್ತು. ಎರವ ಹುಡುಗನೊಬ್ಬ ಎದ್ದುನಿಂತು, ಆನೆ ಮೊಂಡು ಹಿಡಿದರೆ ಏನಾಗುತ್ತದೆಂದು ತನ್ನ ಅಪ್ಪ ಕಂಡದ್ದನ್ನು ಐದು ನಿಮಿಷ ವಿವರಿಸಿದ. ಅಂದಿನವರೆಗೆ ಆ ಹುಡುಗ ತರಗತಿಯಲ್ಲಿ ಬಾಯಿ ಬಿಟ್ಟದ್ದನ್ನು ಕಂಡವರಿರಲಿಲ್ಲ.

ಒಂಬತ್ತರಿಂದ ಹನ್ನೆರಡರವರಿಗೆ ನ್ಯಾಯಾನ್ಯಾಯದ ಕಥೆಗಳು ಹಿಡಿಸುತ್ತವೆ. ಗುಹೆಯ ಬಾಯಿಗೆ ಬಂಡೆ ಉರುಳಿ ಸಿಲುಕಿಕೊಂಡ ಮೂವರು, ತಾವು ಅಲ್ಲಾಹನ ಸಂಪ್ರೀತಿಗಾಗಿ ಮಾಡಿದ ಒಂದೊಂದು ಕರ್ಮವನ್ನು ಮುಂದಿಟ್ಟು ಪ್ರಾರ್ಥಿಸಿದಂತೆಲ್ಲ ಬಂಡೆ ಸ್ವಲ್ಪಸ್ವಲ್ಪವೇ ಸರಿದ ಹದೀಸನ್ನು ಹೇಳುವಾಗ, ಮೂರನೆಯವನ ಸರದಿ ಬರುವ ಹೊತ್ತಿಗೆ ಇಡೀ ಸಭೆ ಮುಂದಕ್ಕೆ ಬಾಗಿರುತ್ತದೆ. ಹೈಸ್ಕೂಲಿನವರಿಗಾದರೆ ನಾವು ಕಥೆ ಹೇಳುವುದಕ್ಕಿಂತ ಅವರಿಂದ ಹೇಳಿಸುವುದು ಮೇಲು. ನಿಮ್ಮ ಮನೆಯ ಹಿರಿಯರಿಂದ ಒಂದು ಕಥೆ ಕೇಳಿ ಬನ್ನಿ ಎಂದು ಕಳುಹಿಸಿದಾಗ, ಹದಿನಾಲ್ಕರ ಹುಡುಗನೊಬ್ಬ ತನ್ನ ವಲ್ಯುಪ್ಪ ಎಳವೆಯಲ್ಲಿ ಒಣಮೀನಿನ ಹೊರೆ ಹೊತ್ತು ಮಾಕುಟ್ಟದ ದಾರಿಯಲ್ಲಿ ನಡೆದು ಘಟ್ಟ ಹತ್ತಿದ ಕಥೆಯನ್ನು ತಂದ. ಮನೆಯೊಳಗೇ ಇದ್ದ ಆ ಕಥೆಯನ್ನು ಅವನಿಗಿಂತ ಮೊದಲು ಯಾರೂ ಕೇಳಿರಲಿಲ್ಲ.

ಪ್ರವಾದಿವರ್ಯರು(ಸ) ಕಥೆ ಹೇಳುತ್ತಿದ್ದ ಬಗೆಯನ್ನು ಗಮನಿಸಿದರೆ ನಮಗೊಂದು ದಾರಿ ಸಿಗುತ್ತದೆ. ಬಾಯಾರಿದ ನಾಯಿಗೆ ನೀರುಣಿಸಿದವನ ಹದೀಸ್ ಎಲ್ಲರಿಗೂ ಪರಿಚಿತ. ಆತ ಬಾವಿಗಿಳಿದು ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ, ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಮೇಲೆ ಬಂದ ಎಂಬ ಒಂದು ವಿವರ ಅದರಲ್ಲಿದೆ. ಏಕೆ ಕಚ್ಚಿ ಹಿಡಿದ ಎಂದು ಮಕ್ಕಳನ್ನು ಕೇಳಿನೋಡಿ. ಮೇಲೇರಲು ಎರಡೂ ಕೈ ಬೇಕಲ್ಲವೇ ಎಂದು ಒಬ್ಬರಾದರೂ ಹೇಳುತ್ತಾರೆ. ಆ ಕ್ಷಣದಲ್ಲಿ ಬಾವಿಯೂ ಬಾಯಾರಿಕೆಯೂ ಅವರ ಕಣ್ಣಿಗೆ ಕಟ್ಟುತ್ತವೆ. ಇನ್ನೂ ಮುಖ್ಯವಾದುದು ಮುಂದಿದೆ. ಪ್ರಾಣಿಗಳ ವಿಷಯದಲ್ಲೂ ನಮಗೆ ಪ್ರತಿಫಲವಿದೆಯೇ ಎಂದು ಕೇಳಿದವರು ಅನುಚರರು. ಜೀವವಿರುವ ಪ್ರತಿಯೊಂದರ ಸೇವೆಯಲ್ಲೂ ಪ್ರತಿಫಲವಿದೆಯೆಂಬ ತತ್ವವು ಆ ಪ್ರಶ್ನೆಗೆ ಉತ್ತರವಾಗಿ ಬಂತು. ಕಥೆ ಮೊದಲು, ಕೇಳುಗರ ಪ್ರಶ್ನೆ ಆಮೇಲೆ, ನೀತಿ ಕೊನೆಗೆ.

ಅವರು(ಸ) ಕಥೆ ಕೇಳಿದ್ದೂ ಉಂಟು. ಹನ್ನೊಂದು ಮಂದಿ ಸ್ತ್ರೀಯರು ಒಂದೆಡೆ ಕುಳಿತು ತಂತಮ್ಮ ಗಂಡಂದಿರ ಬಗ್ಗೆ ಏನನ್ನೂ ಮುಚ್ಚಿಡದೆ ಹೇಳಿಕೊಂಡ ದೀರ್ಘ ಕಥೆಯನ್ನು ಹ. ಆಯಿಶಾ(ರ) ಹೇಳಿದಾಗ, ಪ್ರವಾದಿವರ್ಯರು(ಸ) ಅದನ್ನು ಕೊನೆಯವರೆಗೂ ಆಲಿಸಿದರು. ಆ ಬಳಿಕ, ಉಮ್ಮು ಝರ್‌ಳ ಪಾಲಿಗೆ ಅಬೂ ಝರ್ ಹೇಗಿದ್ದನೋ ನಿನ್ನ ಪಾಲಿಗೆ ನಾನು ಹಾಗಿದ್ದೇನೆ ಎಂಬರ್ಥದ ಮಾತನ್ನಾಡಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಹದೀಸ್ ಇದು. ಒಂದು ಸಮುದಾಯದ ಹೊಣೆಯನ್ನು ಹೊತ್ತವರಿಗೆ ಮನೆಯಾಕೆಯ ಕಥೆ ಕೇಳಲು ಬಿಡುವಿತ್ತು.

ಮಕ್ಕಳ ಮೌನದ ಬಗ್ಗೆಯೂ ಒಂದು ಹದೀಸ್ ಇದೆ. ಎಲೆ ಉದುರದ, ಮುಸ್ಲಿಮನನ್ನು ಹೋಲುವ ಮರ ಯಾವುದೆಂದು ಪ್ರವಾದಿವರ್ಯರು(ಸ) ಸಭೆಯಲ್ಲಿ ಒಗಟಿನಂತೆ ಕೇಳಿದರು. ಖರ್ಜೂರದ ಮರವೆಂದು ಎಳೆಯರಾದ ಅಬ್ದುಲ್ಲಾ ಬಿನ್ ಉಮರ್(ರ)ರಿಗೆ ಹೊಳೆದಿತ್ತು. ಆದರೆ ಹಿರಿಯರ ಮುಂದೆ ಸಂಕೋಚದಿಂದ ಸುಮ್ಮನಿದ್ದರು. ಆಮೇಲೆ ಮಗ ಇದನ್ನು ತಿಳಿಸಿದಾಗ ತಂದೆ ಉಮರ್(ರ), ನೀನು ಅದನ್ನು ಹೇಳಿದ್ದರೆ ನನಗೆ ಎಷ್ಟೋ ಸಂಪತ್ತಿಗಿಂತ ಪ್ರಿಯವಾಗುತ್ತಿತ್ತು ಎಂಬಂತೆ ನುಡಿದರು. ಹಿರಿಯರ ಮುಂದೆ ಬಾಯಿ ಮುಚ್ಚಿಕೊಂಡಿರುವುದೇ ಸಭ್ಯತೆಯೆಂದು ಮಕ್ಕಳಿಗೆ ಕಲಿಸುವ ನಾವು ಆ ತಂದೆಯ ಹಂಬಲವನ್ನು ನೆನೆಯಬೇಕು.

ನೀತಿಯನ್ನು ಹೇಳಲು ಆತುರಪಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಕಂಡದ್ದು ಪ್ರವಾದಿ ನೂಹ್(ಅ)ರ ವೃತ್ತಾಂತವನ್ನು ಹೇಳುವಾಗ. 2018ರ ಆಗಸ್ಟಿನಲ್ಲಿ ಉತ್ತರ ಕೊಡಗಿನ ಬೆಟ್ಟಗಳು ಜರಿದುದನ್ನು ನಾಡೇ ಕಂಡಿತು. ಮರುವರ್ಷ ಅದೇ ಆಗಸ್ಟಿನಲ್ಲಿ ಸರದಿ ನಮ್ಮ ದಕ್ಷಿಣದ್ದು. ವಿರಾಜಪೇಟೆಯ ಆಚೆ ತೋರ ಗ್ರಾಮದಲ್ಲಿ ಬೆಟ್ಟ ಕುಸಿದು ಮನೆಗಳು ಮಣ್ಣಿನಡಿ ಸೇರಿದವು. ನೆಲ್ಯಹುದಿಕೇರಿ, ಕರಡಿಗೋಡುಗಳಲ್ಲಿ ಕಾವೇರಿ ದಡ ಮೀರಿ ಬಡವರ ಮನೆಗಳನ್ನು ಕೆಡವಿ ಹಾಕಿತು. ಹಾಗೆ ಮನೆ ಕಳೆದುಕೊಂಡ ಒಂದು ಕುಟುಂಬ ಪರಿಹಾರ ಕೇಂದ್ರದಲ್ಲಿ ಕೆಲಕಾಲವಿದ್ದು, ಬಳಿಕ ನಮ್ಮೂರಿನ ಬಂಧುಗಳ ಬಳಿಗೆ ಬಂದಿತ್ತು. ಅವರ ಮಗಳು, ಒಂಬತ್ತು ವರ್ಷದವಳು, ಮದ್ರಸದ ಕಥಾ ಕೂಟದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಳು.

ನಾವೆಯ ವೃತ್ತಾಂತವನ್ನು ಕೇಳಬೇಕೆಂದವರು ಮಕ್ಕಳೇ. ನೂಹ್(ಅ) 950 ವರ್ಷಗಳ ಕಾಲ ತಮ್ಮ ಜನರ ನಡುವೆ ಇದ್ದುದು, ನಾವೆ ಕಟ್ಟಿದ್ದು, ಜನ ಗೇಲಿ ಮಾಡಿದ್ದು, ಪ್ರಾಣಿಗಳನ್ನು ಜೋಡಿಜೋಡಿಯಾಗಿ ಹತ್ತಿಸಿದ್ದು ಎಲ್ಲವನ್ನೂ ಹೇಳಿ, ಬೆಟ್ಟ ಹತ್ತಿ ಪಾರಾಗುತ್ತೇನೆಂದ ಮಗನ ಪ್ರಸಂಗಕ್ಕೆ ಬಂದೆ. ಬೆಟ್ಟವೂ ನಿಲ್ಲುವುದಿಲ್ಲ ಎಂಬುದನ್ನು ಕೊಡಗಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಥೆ ಮುಗಿಸಿ ಸುಮ್ಮನೆ ಕುಳಿತೆ. ತುಸು ಹೊತ್ತಿನ ಬಳಿಕ ಆಕೆ ಕೇಳಿದಳು: "ಟೀಚರ್, ನೂಹ್ ನಬಿಯವರು ಪ್ರಾಣಿಗಳನ್ನೂ ಹತ್ತಿಸಿದರಲ್ಲ, ನಮ್ಮ ಆಡನ್ನು ದೋಣಿಯವರು ಯಾಕೆ ಹತ್ತಿಸಲಿಲ್ಲ?" ನಾನು ಉತ್ತರಿಸುವ ಮೊದಲೇ ಎರಡನೆಯ ಪ್ರಶ್ನೆ ಬಂತು. "ನಾವು ಏನು ತಪ್ಪು ಮಾಡಿದ್ದೆವು?"

ಇಂಥ ವಿಪತ್ತುಗಳು ಪಾಪದ ಫಲವೆಂದು ಆ ದಿನಗಳಲ್ಲಿ ಯಾರೋ ಆಡಿದ ಮಾತು ಆ ಮಗುವಿನ ಕಿವಿಗೆ ಬಿದ್ದು, ತಿಂಗಳುಗಟ್ಟಲೆ ಒಳಗೇ ಉಳಿದಿತ್ತು. ಕಥೆ ಮುಗಿದೊಡನೆ 'ಆದ್ದರಿಂದ ಮಕ್ಕಳೇ' ಎಂದು ನೀತಿಯನ್ನು ಆರಂಭಿಸಿದ್ದರೆ, ಆಕೆ ಅದನ್ನೂ ತನ್ನ ಅಪರಾಧದ ಪಟ್ಟಿಗೆ ಸೇರಿಸಿಕೊಂಡು ಮನೆಗೆ ಹೋಗುತ್ತಿದ್ದಳು.

ಆಡಿನ ಪ್ರಶ್ನೆಗೆ ಉತ್ತರವನ್ನು ಹೊಂದಿಸಲು ನಾನು ಹೋಗಲಿಲ್ಲ. ಆಡಿನ ಹೆಸರು ಕೇಳಿದೆ, ಬಣ್ಣ ಕೇಳಿದೆ. ಎರಡನೆಯ ಪ್ರಶ್ನೆಗೆ ಮಾತ್ರ ಸ್ಪಷ್ಟವಾದ ಉತ್ತರ ನಮ್ಮ ಧರ್ಮದಲ್ಲೇ ಇತ್ತು. ನೀರಿನಲ್ಲಿ ಮುಳುಗಿ ತೀರಿಕೊಂಡವರನ್ನೂ ಕುಸಿದ ಕಟ್ಟಡದಡಿ ಸಿಲುಕಿ ತೀರಿಕೊಂಡವರನ್ನೂ ಪ್ರವಾದಿವರ್ಯರು(ಸ) ಹುತಾತ್ಮರ ಸಾಲಿನಲ್ಲಿ ಎಣಿಸಿದ್ದಾರೆ. ಬುಖಾರಿ, ಮುಸ್ಲಿಮ್‌ಗಳಲ್ಲಿ ಈ ಹದೀಸ್ ಇದೆ. ಅಲ್ಲಾಹನು ಆ ಗೌರವ ನೀಡಿರುವಾಗ, ನೆರೆಯಲ್ಲಿ ನೊಂದವರ ಮೇಲೆ ಪಾಪದ ಹೊರೆ ಹೊರಿಸಲು ನಾವಾರು? ನೂಹ್(ಅ)ರ ಜನತೆಯ ಮೇಲೆರಗಿದ್ದು ಶಿಕ್ಷೆಯೆಂದು ನಮಗೆ ತಿಳಿದಿರುವುದು ದಿವ್ಯವಾಣಿಯ ಮೂಲಕ. ಇಂದಿನ ಮಳೆಯ ಬಗ್ಗೆ, ಕುಸಿದ ಬೆಟ್ಟದ ಬಗ್ಗೆ ನಮ್ಮಲ್ಲಾರಿಗೂ ಅಂಥ ದಿವ್ಯವಾಣಿ ಬಂದಿಲ್ಲ. ಪ್ರವಾದಿ ಅಯ್ಯೂಬ್(ಅ)ರಿಗೆ ಕಷ್ಟ ಬಂದದ್ದು, ಪ್ರವಾದಿ ಯಅ್‌ಕೂಬ್(ಅ) ಮಗನಿಗಾಗಿ ಅತ್ತು ಕಣ್ಣು ಕಳೆದುಕೊಂಡದ್ದು ಯಾವ ತಪ್ಪಿಗೆ? ಇದನ್ನೆಲ್ಲ ಆಕೆಗೆ ತಿಳಿಯುವ ಮಾತಿನಲ್ಲಿ ಹೇಳಿದೆ. ಆಕೆ ಏನೂ ಅನ್ನಲಿಲ್ಲ. ಎರಡು ವಾರಗಳ ನಂತರದ ಕೂಟದಲ್ಲಿ ತಾನೊಂದು ಕಥೆ ಹೇಳುತ್ತೇನೆಂದು ಮುಂದೆ ಬಂದಳು. ಅದು ಒಂದು ಆಡಿನ ಕಥೆ. ಅದರಲ್ಲಿ ಆಡಿಗೆ ಈಜು ಬರುತ್ತಿತ್ತು. ಕಟ್ಟಿದ ಕಥೆ ಎಂದು ಆರಂಭದಲ್ಲೇ ಹೇಳಿಯೂ ಇದ್ದಳು.

ಪ್ರಿಯ ಓದುಗರೇ, ಪ್ರತಿಯೊಂದು ಊರಿಗೂ ಕಥೆಗಾರರ ತಂಡ ಬರಲಿ ಎಂದು ಕಾಯಬೇಕಾಗಿಲ್ಲ. ಕಾರ್ಯಾಗಾರಕ್ಕೆ ಬಂದ ತಾಯಂದಿರಿಗೆ ನಾವು ಹೇಳುವುದು ಇಷ್ಟೇ: ಕಥೆಯನ್ನು ಬಾಯಿಪಾಠ ಮಾಡಬೇಡಿ. ಏನು ನಡೆಯಿತು, ಆಮೇಲೆ ಏನಾಯಿತು ಎಂಬ ಎಲುಬುಗಳನ್ನು ನೆನಪಿಡಿ. ಮಾತು ನಿಮ್ಮದೇ ಇರಲಿ, ಮನೆಯ ಭಾಷೆಯೇ ಇರಲಿ. ಪ್ರವಾದಿಗಳ ವೃತ್ತಾಂತವಾದರೆ ಮೊದಲು ಕುರ್‌ಆನ್ ಅನುವಾದವನ್ನು ತೆರೆದು ನೋಡಿ, ಸಂಶಯವಿದ್ದರೆ ಉಸ್ತಾದರನ್ನು ಕೇಳಿ. ಮಗ್ರಿಬ್ ನಮಾಝಿನ ಬಳಿಕ ಹದಿನೈದು ನಿಮಿಷ ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಕಥೆ ಮುಗಿದ ಕೂಡಲೇ ನೀತಿ ಹೇಳದೆ, ನಿಮ್ಮ ಮಗು ಮಾತನಾಡುವವರೆಗೆ ಕಾಯಿರಿ. ಆ ಮೌನ ಮೊದಮೊದಲು ಕಷ್ಟವೆನಿಸುತ್ತದೆ. ಮದ್ರಸದ ಆಡಳಿತ ಸಮಿತಿಯವರಲ್ಲೂ ನನ್ನದೊಂದು ವಿನಂತಿಯಿದೆ: ತಿಂಗಳಿಗೊಂದು ತರಗತಿಯನ್ನು ಕಥೆಗೆ ಮೀಸಲಿಡಿ, ಅದರಲ್ಲಿ ಅರ್ಧ ಹೊತ್ತು ಮಕ್ಕಳೇ ಹೇಳಲಿ. ಊರಿನ ಹಿರಿಯರೊಬ್ಬರನ್ನು ಕರೆದು ಅವರ ಬಾಲ್ಯವನ್ನು ಹೇಳಿಸಿದರೆ, ಆ ಹಿರಿಯರಿಗೂ ಅದು ಒಂದು ಗೌರವ.

ಮಕ್ಕಳು ನಮಗೆ ದೊರೆತ ಅಮಾನತ್ತು. ಅವರ ಕಿವಿಗೆ ನಾವು ಹಾಕುವ ಪ್ರತಿಯೊಂದು ಕಥೆಯ ಬಗ್ಗೆಯೂ ನಾವು ಉತ್ತರಿಸಬೇಕಾದೀತು. ಅವರು ಕೇಳಬಯಸಿದ ಪ್ರಶ್ನೆಗೆ ಎಡೆ ಕೊಟ್ಟೆವೋ ಇಲ್ಲವೋ ಎಂಬುದರ ಬಗ್ಗೆಯೂ ಉತ್ತರಿಸಬೇಕಾದೀತು. ಸತ್ಯವನ್ನು ಸುಂದರವಾಗಿ ಹೇಳುವ ನಾಲಗೆಯನ್ನೂ, ಎಳೆಯರ ಮಾತನ್ನು ತಾಳ್ಮೆಯಿಂದ ಆಲಿಸುವ ಕಿವಿಯನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಮಳೆಯಲ್ಲಿ ನೆಲೆ ಕಳೆದುಕೊಂಡವರಿಗೆ ಅವನು ಉತ್ತಮವಾದ ನೆಲೆಯನ್ನು ನೀಡಲಿ. ಆಮೀನ್.